ಕೌದಿಯ ಕರಡು

ಬೆಟಗೇರಿಯ ಪ್ರೆಸ್ಸು ಮುಚ್ಚಿ ಹನ್ನೊಂದು ವರ್ಷ.
ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿದರು,
ನನ್ನನ್ನು ಯಾರೂ ತೂಗಲಿಲ್ಲ.
ಕೆಂಪು ಪೆನ್ನು ಮಾತ್ರ ಇನ್ನೂ ಕಿಸೆಯಲ್ಲಿದೆ.
ಮದುವೆ ಪತ್ರಿಕೆ ಬಂದರೆ ಮುಹೂರ್ತಕ್ಕಿಂತ ಮೊದಲು
'ಆಶೀರ್ವದಿಸಿ'ಯ ಶೀ ದೀರ್ಘವೋ ಎಂದು ನೋಡುತ್ತೇನೆ.

ಮೊನ್ನೆ ಇಮಾಂಬಿ ಬಂದಳು,
ಮೊಬೈಲು ಅಂಗೈಯಲ್ಲಿ,
ಕಡಿದ ಚೇಳನ್ನೇ ಹಿಡಿದು ತಂದವರ ಹಾಗೆ.
"ನೋಡ್ರಿ ಕಾಕಾ, ನಾ ಏನ್ ಬರದೀನೋ ಇವ್ರು ಏನ್ ಓದ್ತಾರೋ!
ಕೌದಿ ಮಾರಾಕ ಕುಂತರ
ಹತ್ತು ಕಳಸ್ರಿ, ತುಪ್ಪ ಬ್ಯಾರೆ ಇರ್ಲಿ ಅಂತಾರ."

ಕನ್ನಡಕ ಏರಿಸಿದೆ.
ಚಿತ್ರದಲ್ಲಿ ಕೌದಿ: ಇಳಕಲ್ ಸೆರಗಿನ ಕೆಂಪು,
ಯಾರದೋ ಶಾಲೆಯ ಖಾಕಿ ಚಡ್ಡಿ, ತೊಟ್ಟಿಲ ಬಟ್ಟೆ,
ಬಿತ್ತಿದ ಜೋಳದ ಸಾಲಿನಂತೆ ಒಂದೇ ಅಳತೆಯ ಟಾಕಿ.
ಕೆಳಗೆ ಅವಳ ಬರಹ:
'ಪೂರ್ತಿ ಕೈ ಹೋಳಿಗೆ. ಮೆತ್ತಗಿದೆ. ಇಬ್ಬರಿಗೆ ಸಾಕು.'

ನಕ್ಕೆ. ಅವಳೂ ನಕ್ಕಳು.
ಮುಂದಿನ ಸಾಲಿಗೆ ಬಂದಾಗ ಇಬ್ಬರೂ ನಗಲಿಲ್ಲ.
'ಎಷ್ಟು ತೊಳೆದರೂ ಬಣ್ಣ ಹೋಗುವುದಲ್ಲ.'

ದಕಾರದ ತಲೆಯ ಗುಡಿಸು ಉದುರಿದೆ, ಅಷ್ಟೇ.
ಅಷ್ಟಕ್ಕೇ ಅಂಗಡಿಯ ಗಿರಾಕಿಯೆಲ್ಲ ಗುಡಿಸಿಹೋದಂತೆ.
'ಹೋಗುವುದಲ್ಲಾ, ಮತ್ತೆ ಯಾಕೆ ಕೊಳ್ಳಲಿ?'
ಎಂದು ಬರೆದಿದ್ದಾಳೆ ಒಬ್ಬಾಕೆ ಸವಣೂರಿನಿಂದ.
ಅವಳದೇನು ತಪ್ಪು? ಇದ್ದದ್ದನ್ನು ಓದಿದ್ದಾಳೆ.

ಸಂತೆಯಲ್ಲಾದರೆ ಅಂಚು ಹಿಡಿದು ತಿಕ್ಕುತ್ತಾರೆ,
ಮಗ್ಗಲು ಬದಲಿಸಿ ಹಿಂಬದಿಯ ಗಂಟು ಎಣಿಸುತ್ತಾರೆ,
ಮೂಗಿಗೆ ಒತ್ತಿ ಬಿಸಿಲಿನ ವಾಸನೆ ನೋಡುತ್ತಾರೆ.
ಕಾಣದ ಊರಿನವರಿಗೆ
ಇಮಾಂಬಿಯ ಬೆರಳು ತಲುಪುವುದು ಅಕ್ಷರದಲ್ಲಿ ಮಾತ್ರ.
"ಒಂದು ಹೊಲಿಗಿ ವಾರಿ ಆದ್ರ ಗೇಣು ಬಿಚ್ಚಾಕಿ ನಾನು,
ಇದನ್ನ ಯಾಕ ಬಿಚ್ಚಲಿಲ್ಲ?" ಅಂದಳು, ನನಗಲ್ಲ.

"ಬಿಡು, ನಾ ಬರೀತೀನಿ" ಎಂದೆ.
ಹಳೆಯ ಹುರುಪು. ಬೆನ್ನು ನೆಟ್ಟಗಾಯಿತು.
'ಹಸ್ತಕೌಶಲದಿಂದ ಸಿದ್ಧಪಡಿಸಲಾದ,
ವರ್ಣಸ್ಥಿರತೆಯುಳ್ಳ ಸಾಂಪ್ರದಾಯಿಕ ಹೊದಿಕೆ.'
ಒತ್ತು, ದೀರ್ಘ, ಮಹಾಪ್ರಾಣ, ಒಂದೂ ತಪ್ಪಿಲ್ಲ.
ಅವಳು ಕಲ್ಲು ಆರಿಸಿದಂತೆ ಓದಿದಳು,
ಮುಗಿಸಿ, ಸೆರಗಿನಿಂದ ಪರದೆ ಒರೆಸಿದಳು.
"ಇದು ಯಾರ ಕೌದಿರಿ ಕಾಕಾ? ದವಾಖಾನಿದೇನು?"

ಕೆಂಪು ಪೆನ್ನು ಹೊರಗೆ ತೆಗೆದೆ.
ನನ್ನ ಸಾಲಿನ ಮೇಲೆ ನಾನೇ ಗೆರೆ ಎಳೆದದ್ದು
ಮೂವತ್ತೆಂಟು ವರ್ಷದಲ್ಲಿ ಅದೇ ಮೊದಲು.
"ನೀ ಹೇಳು, ನಾ ಬರೀ ಅಕ್ಷರ ಕಾಯ್ತೀನಿ."
ಹೇಳಿದಳು:

'ಕೈ ಹೊಲಿಗಿ ಕೌದಿ. ಎಷ್ಟ ತೊಳದ್ರೂ ಬಣ್ಣ ಹೋಗಂಗಿಲ್ಲ.
ಹೋದ್ರ ನನಗ ಬೈರಿ. ಇಮಾಂಬಿ, ಬೆಟಗೇರಿ.'

ಹೋಳಿಗೆ ಎಂಬುದು ತಪ್ಪು.
ಹೊಲಿಗಿ ಎಂಬುದು ಇಮಾಂಬಿ.
ಎರಡಕ್ಕೂ ಒಂದೇ ಗೆರೆ ಎಳೆಯುತ್ತ ಬಂದವನು ನಾನು.
ಆ ಗೆರೆಯ ಕೆಳಗೆ ಎಷ್ಟು ಜನರ ಬಾಯಿ ಮುಚ್ಚಿತೋ,
ಪ್ರೆಸ್ಸಿನ ಹಳೆಯ ಕರಡುಗಳೆಲ್ಲ ರದ್ದಿಗೆ ಹೋಗಿವೆ,
ಕೇಳಲು ಯಾರೂ ಇಲ್ಲ.

ನಿನ್ನೆ ಮತ್ತೆ ಬಂದಳು, ಗಂಟು ಕಟ್ಟಿಕೊಂಡು,
ಹೊರಗಿನ ಚೀಟಿಯಲ್ಲಿ ವಿಳಾಸ ಅರ್ಧ ಬರೆದು.
"ರಾಣಿಬೆನ್ನೂರೋ, ರಾಣೆಬೆನ್ನೂರೋ? ಯಾವದು ಖರೆ?"
ನಾವು ಎರಡನ್ನೂ ಅಚ್ಚು ಹಾಕಿದ್ದೇವೆ,
ಒಮ್ಮೆ ಒಂದೇ ಪುಟದಲ್ಲಿ.
ಮಾಲಕರಿಗೂ ನನಗೂ ವಾರಗಟ್ಟಲೆ ಮಾತಿರಲಿಲ್ಲ.
ತಲೆ ಕೆರೆದುಕೊಂಡೆ.
"ಪಿನ್ ಕೋಡ್ ಸರಿ ಬರಿಯವ್ವ,
ಉಳಿದದ್ದು ಪೋಸ್ಟಿನವ ನೋಡ್ಕೋತಾನ."